ಬಾಯಿಲೆಕ್ಕ ಬರುತ್ತದೆ, ಬೀಜಗಣಿತ ಬರುವುದಿಲ್ಲ ಎನ್ನುವವರಿಗೆ

ಮೂವತ್ತೈದು ದಾಟಿದ ಮೇಲೆ ಡಿಗ್ರಿಗೆ ಸೇರಿದವರು ಬಿಸಿನೆಸ್ ಮ್ಯಾಥ್ಸ್ ಪುಸ್ತಕ ತೆರೆದ ಕೂಡಲೇ ಎಕ್ಸ್ ನೋಡಿ ಹೆದರುತ್ತಾರೆ. ಎಕ್ಸ್ ಪಾಪದ್ದು, ಸುಮ್ಮನೆ ಒಂದು ಕಡೆ ಕೂತಿರುತ್ತದೆ. ಅಂಕ ಹೋಗುವುದು ಮೈನಸ್ ಚಿಹ್ನೆಯಲ್ಲಿ, ಆವರಣದಲ್ಲಿ, ಭಿನ್ನರಾಶಿಯಲ್ಲಿ. ಈ ಮೂರನ್ನು ಹದಕ್ಕೆ ತಂದುಕೊಂಡರೆ ಉಳಿದದ್ದು ಅಷ್ಟು ಕಾಡುವುದಿಲ್ಲ.

ನಾನು ವಿಜಯಪುರದಲ್ಲಿ ಖಾನಾವಳಿ ನಡೆಸುವವಳು. ಪಿಯುಸಿ ಆರ್ಟ್ಸ್ ಮುಗಿಸಿ, ಸಂಸಾರ ಮಾಡಿ, ಮಗಳು ಹೈಸ್ಕೂಲಿಗೆ ಬಂದ ಮೇಲೆ ಬಿಕಾಂ ಸೇರಿದೆ. ಇಂಡಿ, ಸಿಂದಗಿ, ಮುದ್ದೇಬಿಹಾಳದ ಕಡೆಯಿಂದ ಓದಲಿಕ್ಕೆ ಬಂದು ರೂಮು ಮಾಡಿಕೊಂಡಿರುವ ಹುಡುಗರೇ ನಮ್ಮ ಗಿರಾಕಿಗಳು. ಅವರಲ್ಲಿ ಕೆಲವರು ನನ್ನ ಕ್ಲಾಸಿನವರು. ಬೆಳಿಗ್ಗೆ ಅವರ ಹಿಂದಿನ ಬೆಂಚಿನಲ್ಲಿ ಕೂತು, ಮಧ್ಯಾಹ್ನ ಅವರಿಗೇ ರೊಟ್ಟಿ ನೀಡುತ್ತೇನೆ. ಆದ್ದರಿಂದ ಇಲ್ಲಿ ಬರುವ ಲೆಕ್ಕಗಳೆಲ್ಲ ಊಟದ್ದೇ. ನಿಮ್ಮದು ಅಡತಿ ಅಂಗಡಿಯೋ ಹೊಲಿಗೆಯೋ ಆಗಿದ್ದರೆ ಅಂಕಿ ಬದಲಿಸಿಕೊಳ್ಳಿ.

ಮೊದಲು, ನಿಮಗೆ ಈಗಾಗಲೇ ಏನು ಬರುತ್ತದೆ ಎಂದು ನೋಡಿಕೊಳ್ಳಿ. ಫುಲ್ ಊಟ 80 ರೂಪಾಯಿ, ಹಾಫ್ ಊಟ 50. ಮಧ್ಯಾಹ್ನ ಒಟ್ಟು 40 ಊಟ ಹೋಗಿವೆ, ಗಲ್ಲಾದಲ್ಲಿ 2,750 ರೂಪಾಯಿ ಇದೆ. ಫುಲ್ ಎಷ್ಟು, ಹಾಫ್ ಎಷ್ಟು? ಇದನ್ನು ವ್ಯಾಪಾರ ಮಾಡುವ ಯಾರೂ ಹಾಳೆಯ ಮೇಲೆ ಬಿಡಿಸುವುದಿಲ್ಲ. ನಲವತ್ತೂ ಹಾಫ್ ಅಂತ ಹಿಡಿ, 2,000 ಆಯ್ತು. 750 ಹೆಚ್ಚಿಗೆ ಬಂದಿದೆ. ಒಂದೊಂದು ಫುಲ್ಲಿಗೆ 30 ಹೆಚ್ಚು. 750ನ್ನು 30ರಿಂದ ಭಾಗಿಸು, 25 ಫುಲ್. ಉಳಿದ 15 ಹಾಫ್. ಮುಗಿಯಿತು.

ಈಗ ಇದನ್ನೇ ಕಾಲೇಜಿನವರ ರೀತಿಯಲ್ಲಿ ಬರೆಯೋಣ. ಫುಲ್ ಊಟಗಳ ಸಂಖ್ಯೆ ಫ ಎಂದಿರಲಿ, ಹಾಫ್ ಊಟಗಳ ಸಂಖ್ಯೆ ಹ.

ಫ + ಹ = 40
80ಫ + 50ಹ = 2750

ಮೊದಲ ಸಾಲಿನಿಂದ ಹ = 40 − ಫ. ಅದನ್ನು ಎರಡನೆಯದರಲ್ಲಿ ಇಟ್ಟರೆ:

80ಫ + 50(40 − ಫ) = 2750
80ಫ + 2000 − 50ಫ = 2750
30ಫ + 2000 = 2750
30ಫ = 750
ಫ = 25

ಸಾಲು ಸಾಲಾಗಿ ಹೋಲಿಸಿ ನೋಡಿ. 'ನಲವತ್ತೂ ಹಾಫ್ ಅಂತ ಹಿಡಿ' ಎಂದದ್ದು ಇಲ್ಲಿ 2000 ಆಗಿ ಕೂತಿದೆ. 'ಒಂದೊಂದಕ್ಕೆ 30 ಹೆಚ್ಚು' ಎಂದದ್ದು 80ಫ − 50ಫ. 750 ಎಲ್ಲಿಂದ ಬಂತು ಎನ್ನುವುದೂ ಕಾಣುತ್ತದೆ. ನಾವು ಬಾಯಲ್ಲಿ ಮಾಡಿದ್ದು ಬೀಜಗಣಿತವೇ. ಹಾಳೆಯ ಮೇಲೆ ಇಳಿಸುವ ಅಭ್ಯಾಸ ಮಾತ್ರ ನಮಗಿಲ್ಲ. ವಯಸ್ಸಾದ ಮೇಲೆ ಕಲಿಯುವವರ ಕೆಲಸ ಅರ್ಧಕ್ಕರ್ಧ ಇಷ್ಟೇ: ತಲೆಯಲ್ಲಿ ಒಮ್ಮೆಲೇ ಹಾರಿಬಿಡುವ ಮೆಟ್ಟಿಲುಗಳನ್ನು ಒಂದೊಂದಾಗಿ ಬರೆಯುವುದು. ಹುಡುಗರಿಗೆ ತೊಂದರೆ ಇದರ ಉಲ್ಟಾ. ಅವರಿಗೆ ಮೆಟ್ಟಿಲು ಬರೆಯಲಿಕ್ಕೆ ಬರುತ್ತದೆ, 750 ಅಂದರೆ ಏನು ಎಂದು ಕೇಳಿದರೆ ಮುಖ ನೋಡುತ್ತಾರೆ.

ಇಲ್ಲಿ ಎಕ್ಸ್, ವೈ ಬಿಟ್ಟು ಫ, ಹ ಬರೆದಿದ್ದೇನೆ. ಶುರುವಿನಲ್ಲಿ ನೀವೂ ಹಾಗೇ ಮಾಡಿ, ಯಾವ ಅಕ್ಷರವಾದರೂ ನಡೆಯುತ್ತದೆ. ಭಾಸ್ಕರಾಚಾರ್ಯ ಗೊತ್ತಿಲ್ಲದ ಸಂಖ್ಯೆಗಳಿಗೆ ಯಾವತ್ತಾವತ್, ಕಾಲಕ, ನೀಲಕ ಎಂದು ಹೆಸರಿಟ್ಟು ಯಾ, ಕಾ, ನೀ ಎಂದು ಚಿಕ್ಕದಾಗಿ ಬರೆಯುತ್ತಿದ್ದ. ಕಾಲಕ ಎಂದರೆ ಕಪ್ಪು, ನೀಲಕ ಎಂದರೆ ನೀಲಿ. ಎಕ್ಸ್, ವೈ, ಝಡ್ ಬಳಕೆ ಫ್ರೆಂಚ್ ಗಣಿತಜ್ಞ ದೆಕಾರ್ತ್‌ನ 1637ರ ಪುಸ್ತಕದಿಂದ ಗಟ್ಟಿಯಾಯಿತು. ಪರೀಕ್ಷೆಯ ಹೊತ್ತಿಗೆ ಎಕ್ಸ್‌ಗೆ ಬಂದರೆ ಸಾಕು.

ಪುಸ್ತಕದ ವಿಷಯ. ಡಿಗ್ರಿ ಪುಸ್ತಕದಿಂದ ಶುರು ಮಾಡಬೇಡಿ, ಗೈಡಂತೂ ಬೇಡವೇ ಬೇಡ. ಏಳನೇ ಇಯತ್ತೆಯ ಕನ್ನಡ ಮಾಧ್ಯಮದ ಗಣಿತ ಪುಸ್ತಕ ತೆಗೆದುಕೊಳ್ಳಿ. ನನಗೆ ಮಗಳ ಹಳೆಯದೇ ಸಿಕ್ಕಿತು. ಇಲ್ಲದವರು ಸರ್ಕಾರದ ಪಠ್ಯಪುಸ್ತಕಗಳನ್ನು ಮೊಬೈಲಿಗೆ ಪುಕ್ಕಟೆ ಇಳಿಸಿಕೊಳ್ಳಬಹುದು. ಪೂರ್ಣಾಂಕ, ಭಿನ್ನರಾಶಿ, ಸರಳ ಸಮೀಕರಣ, ಬೀಜೋಕ್ತಿ, ಈ ಪಾಠಗಳಷ್ಟೇ ಸಾಕು. ರೇಖಾಗಣಿತ, ಸ್ತಂಭಾಲೇಖ ಎಲ್ಲ ಬಿಟ್ಟುಬಿಡಿ. ಆಮೇಲೆ ಎಂಟನೇ ಇಯತ್ತೆಯಲ್ಲಿ ಒಂದು ಚರಾಕ್ಷರದ ಸಮೀಕರಣ ಮತ್ತು ಅಪವರ್ತನ, ನಂತರ ನೇರ ಹತ್ತನೆಯದಕ್ಕೆ ಹಾರಿ ಎರಡು ಚರಾಕ್ಷರ ಮತ್ತು ವರ್ಗ ಸಮೀಕರಣ. ಒಂಬತ್ತನೆಯದನ್ನು ಬೇಕೆನಿಸಿದಾಗ ತಿರುವಿದರೆ ಆಯ್ತು. ಸಾಲಿ ಹುಡುಗರ ಪುಸ್ತಕ ಹಿಡಿದು ಕೂತರೆ ಯಾರಾದರೂ ನಗುತ್ತಾರೆ ಎನ್ನುವ ಸಂಕೋಚವಿದ್ದರೆ ಕಾಗದದ ರಟ್ಟು ಹಾಕಿಕೊಳ್ಳಿ. ಕಾಲೇಜಿನಲ್ಲಿ ಕೇಳಿಬರುವ ವೇರಿಯಬಲ್, ಕೋಎಫಿಶಿಯಂಟ್, ಫ್ಯಾಕ್ಟರ್‌ಗಳ ಎದುರು ಚರಾಕ್ಷರ, ಸಹಗುಣಕ, ಅಪವರ್ತನ ಎಂದು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದುಕೊಳ್ಳುತ್ತ ಹೋಗಿ.

ನೋಟ್‌ಬುಕ್ ಚೌಕಟ್ಟಿನ ಗೆರೆಯದು ತೆಗೆದುಕೊಳ್ಳಿ, ಚಿಕ್ಕ ಮಕ್ಕಳು ಅಂಕಿ ತಿದ್ದಲಿಕ್ಕೆ ತರುತ್ತಾರಲ್ಲ, ಅದು. ಸಮ ಚಿಹ್ನೆಗಳು ಒಂದರ ಕೆಳಗೆ ಒಂದು ಬರಬೇಕು. ಒಂದು ಸಾಲಿನಲ್ಲಿ ಒಂದೇ ಬದಲಾವಣೆ. ಏನು ಬದಲಾಯಿಸಿದಿರೋ ಅದನ್ನು ಬಲಗಡೆ ಸಣ್ಣದಾಗಿ ಬರೆಯಿರಿ: 'ಎರಡೂ ಬದಿಯಿಂದ 2000 ಕಳೆದೆ', 'ಎರಡೂ ಬದಿಯನ್ನು 30ರಿಂದ ಭಾಗಿಸಿದೆ'. ಬೇಸರದ ಕೆಲಸವೇ. ಆದರೆ ಉತ್ತರ ತಪ್ಪಿದಾಗ ಯಾವ ಸಾಲಿನಲ್ಲಿ ತಪ್ಪಿತು ಎಂದು ಕೈಯಿಟ್ಟು ತೋರಿಸಬಹುದು. ಸರ್ ಹತ್ತಿರ ಹೋಗಿ 'ನನಗ ತಿಳೀವಲ್ತ್ರಿ' ಎಂದರೆ ಅವರು ಇಡೀ ಪಾಠ ಮತ್ತೆ ಹೇಳುತ್ತಾರೆ, ನಿಮಗೆ ಮತ್ತೆ ತಿಳಿಯುವುದಿಲ್ಲ. 'ಸರ್, ಈ ಮೂರನೇ ಸಾಲಿನಿಂದ ನಾಲ್ಕನೆಯದಕ್ಕ ಹೆಂಗ ಬಂದಿರಿ?' ಎಂದರೆ ಎರಡು ನಿಮಿಷದ ಕೆಲಸ.

ಸಮ ಚಿಹ್ನೆಯ ಬಗ್ಗೆ ಒಂದು ಮಾತು. ಅಂಗಡಿಯಲ್ಲಿ ನಾವು ಚೀಟಿಯ ಮೇಲೆ 80 × 3 = 240 + 50 = 290 ಎಂದು ಬರೆಯುತ್ತೇವೆ. ಗಿರಾಕಿಗೆ ಅರ್ಥವಾಗುತ್ತದೆ, ತಕರಾರಿಲ್ಲ. ಗಣಿತದಲ್ಲಿ ಹೀಗೆ ಬರೆದರೆ 80 × 3ಕ್ಕೂ 290ಕ್ಕೂ ಸಮ ಎಂದು ಸಹಿ ಹಾಕಿದಂತಾಗುತ್ತದೆ. ಸಮ ಚಿಹ್ನೆ ಹೇಳುವುದು ಎಡಭಾಗ, ಬಲಭಾಗ ಎರಡೂ ಒಂದೇ ಎಂದು. ಅದಕ್ಕೇ ಒಂದು ಬದಿಗೆ ಏನು ಮಾಡಿದರೂ ಇನ್ನೊಂದು ಬದಿಗೂ ಮಾಡಲೇಬೇಕು. ಕ್ಯಾಲ್ಕುಲೇಟರಿನಲ್ಲೂ ಇಂಥದ್ದೇ ಒಂದು ಫಜೀತಿ ಇದೆ. ಗಲ್ಲಾದ ಮೇಲಿನ ಸಾದಾ ಕ್ಯಾಲ್ಕುಲೇಟರಿನಲ್ಲಿ 2 + 3 × 4 ಒತ್ತಿದರೆ ಅದು ಬಂದದ್ದನ್ನು ಬಂದಂತೆ ಲೆಕ್ಕ ಹಾಕಿ 20 ತೋರಿಸುತ್ತದೆ. ಮೊಬೈಲಿನಲ್ಲಿ ಅದನ್ನೇ ಒತ್ತಿದರೆ 14. ಗಣಿತದ ನಿಯಮದಲ್ಲಿ ಗುಣಾಕಾರ ಮೊದಲು, ಆದ್ದರಿಂದ 14 ಸರಿ. ಪರೀಕ್ಷೆಗೆ ಒಯ್ಯುವ ಕ್ಯಾಲ್ಕುಲೇಟರನ್ನೇ ಮನೆಯಲ್ಲೂ ಬಳಸಿ.

ಈಗ ಪಕ್ಷಾಂತರ, ಅಂದರೆ ಸಮ ಚಿಹ್ನೆಯ ಒಂದು ಬದಿಯ ಪದವನ್ನು ಇನ್ನೊಂದು ಬದಿಗೆ ಒಯ್ಯುವುದು. ನಮ್ಮ ಹುಡುಗನೊಬ್ಬ ಹೇಳಿಕೊಡಲಿಕ್ಕೆ ಕೂತ.

'ಅಕ್ಕಾರ, ಪ್ಲಸ್ ಆ ಕಡೆ ಹೋದ್ರ ಮೈನಸ್ ಆಗ್ತೈತ್ರಿ.'

'ಯಾಕ ಆಗ್ತೈತಪಾ?'

'ಹಂಗs ಐತ್ರಿ. ಸರ್ ಹೇಳ್ಯಾರ.'

ಪಾಪ, ಅವನ ತಪ್ಪಲ್ಲ, ಅವನಿಗೆ ಹೇಳಿಕೊಟ್ಟವರೂ ಹಾಗೇ ಹೇಳಿರುತ್ತಾರೆ. ಆದರೆ ಈ ಮಂತ್ರವನ್ನು ಮೊದಲೇ ಕಲಿತರೆ 3ಕ = 12 ಎಂದು ಕೊಟ್ಟಾಗ ಕೈ ತಾನೇ ಕ = 12 − 3 ಎಂದು ಬರೆದುಬಿಡುತ್ತದೆ. 3 ಅಲ್ಲಿ ಕೂಡಿಕೊಂಡಿಲ್ಲ, ಗುಣಿಸಿಕೊಂಡಿದೆ. ಗುಣಿಸಿದ್ದನ್ನು ಬಿಡಿಸಬೇಕೆಂದರೆ ಭಾಗಿಸಬೇಕು, ಕ = 4. ಆದ್ದರಿಂದ ಮೊದಲ ಕೆಲವು ವಾರ ಪಕ್ಷಾಂತರ ಎನ್ನುವ ಪದವನ್ನೇ ಮರೆತು ಎರಡೂ ಬದಿಗೂ ಅದೇ ಕೆಲಸ ಮಾಡಿ ತೋರಿಸಿ. ಅದು ಬೇಸರ ಬರುವಷ್ಟು ಸಲೀಸಾದ ಮೇಲೆ ಮಂತ್ರ ಬಳಸಿ, ಆಗ ಅದು ಮೋಸ ಮಾಡುವುದಿಲ್ಲ.

ಮೈನಸ್ ಚಿಹ್ನೆಗೆ ಉದ್ರಿ ಪುಸ್ತಕಕ್ಕಿಂತ ಒಳ್ಳೆಯ ಮಾಸ್ತರಿಲ್ಲ. ಬ್ರಹ್ಮಗುಪ್ತ 628ರಲ್ಲಿ ಸೊನ್ನೆಗಿಂತ ಹೆಚ್ಚಿನ, ಕಡಿಮೆಯ ಸಂಖ್ಯೆಗಳನ್ನು ಕೂಡುವ, ಕಳೆಯುವ ನಿಯಮ ಬರೆದಾಗ ಬಳಸಿದ್ದೂ ಧನ, ಋಣ ಎನ್ನುವ ವ್ಯಾಪಾರದ ಮಾತುಗಳನ್ನೇ. ಒಬ್ಬನ ಹೆಸರಿನಲ್ಲಿ 50 ರೂಪಾಯಿ ಉದ್ರಿ ಇದ್ದರೆ ಅವನ ಕಡೆಯಿಂದ ಅದು −50. ಅಂಥ ಮೂರು ಉದ್ರಿ ಬರೆದರೆ 3 × (−50) = −150. ಬರೆದ ಮೂರು ಉದ್ರಿಯನ್ನು ಹೊಡೆದುಹಾಕಿದರೆ (−3) × (−50), ಅವನ ಸ್ಥಿತಿ 150 ಮೇಲಕ್ಕೆ ಬಂತು. ಋಣ ಋಣ ಗುಣಿಸಿದರೆ ಧನ ಏಕೆ ಎನ್ನುವುದಕ್ಕೆ ಇಷ್ಟು ಸಾಕು.

ಆವರಣದ ಮುಂದೆ ಮೈನಸ್ ಬಂದಾಗ ಇನ್ನೂ ಎಚ್ಚರ ಬೇಕು. ಒಬ್ಬ ಹುಡುಗ 500ರ ನೋಟು ಕೊಟ್ಟ. ಅವನ ವಾರದ ಬಿಲ್ಲು ಬ. ಊರಿಗೆ ಹೋಗಿ ಒಂದು ಹೊತ್ತು ಊಟ ತಪ್ಪಿಸಿದ್ದಕ್ಕೆ 40 ಕಡಿಮೆ ಮಾಡಿದೆ. ಅವನಿಗೆ ವಾಪಸು ಕೊಡಬೇಕಾದ ಚಿಲ್ಲರೆ 500 − (ಬ − 40). ಆವರಣ ಬಿಡಿಸಿದಾಗ ಅರ್ಧ ಕ್ಲಾಸು 500 − ಬ − 40 ಎಂದು ಬರೆಯುತ್ತದೆ. ಬ = 300 ಇಟ್ಟು ನೋಡಿ. ನಿಜವಾಗಿ ಅವನು ಕೊಡಬೇಕಾದದ್ದು 260, ಚಿಲ್ಲರೆ 240. ಆ ತಪ್ಪು ಸಾಲಿನ ಪ್ರಕಾರ ಕೊಟ್ಟರೆ 160 ಬರುತ್ತದೆ, ಹುಡುಗ ಜಗಳಕ್ಕೇ ನಿಲ್ಲುತ್ತಾನೆ. ಸರಿಯಾದದ್ದು 500 − ಬ + 40. ಕಡಿಮೆ ಮಾಡಿದ 40 ಅವನ ಕೈಗೇ ಬರಬೇಕಲ್ಲ. ಆವರಣದ ಹೊರಗಿನ ಮೈನಸ್ ಒಳಗಿರುವ ಪ್ರತಿಯೊಂದು ಪದಕ್ಕೂ ತಾಗುತ್ತದೆ, ಮೊದಲನೆಯದಕ್ಕಷ್ಟೇ ಅಲ್ಲ.

ಈಗ ಮಾಡಿದ ಹಾಗೆ ಒಂದು ಸಂಖ್ಯೆ ಇಟ್ಟು ತಾಳೆ ನೋಡುವುದು ನಮ್ಮಂಥವರಿಗೆ ಬಹಳ ದೊಡ್ಡ ಆಸರೆ. 3ಕ + 5 ಎಂದರೆ 8ಕ ಆಗುತ್ತದೋ ಎಂಬ ಅನುಮಾನ ಬಂತು ಎನ್ನಿ. ಕ = 3 ಇಡಿ: ಒಂದು ಕಡೆ 14, ಇನ್ನೊಂದು ಕಡೆ 24. ಆಗುವುದಿಲ್ಲ, ಅವು ವಿಜಾತಿ ಪದಗಳು: ಒಂದರಲ್ಲಿ ಕ ಇದೆ, ಇನ್ನೊಂದರಲ್ಲಿ ಇಲ್ಲ. ಯಾರನ್ನೂ ಕೇಳುವ ಅಗತ್ಯ ಬೀಳಲಿಲ್ಲ. ಆದರೆ ತಾಳೆಗೆ ಇಡುವ ಸಂಖ್ಯೆ 0, 1, 2 ಬೇಡ. ಅವು ತಪ್ಪನ್ನು ಮುಚ್ಚಿಡುತ್ತವೆ. ಕ² ಮತ್ತು 2ಕ ಒಂದೇ ಎಂದು ಯಾರಾದರೂ ಬರೆದಿದ್ದರೆ, ಕ = 2 ಇಟ್ಟಾಗ ಎರಡೂ 4 ಬಂದು ಹೌದೆನಿಸುತ್ತದೆ. 3 ಇಟ್ಟರೆ 9 ಮತ್ತು 6, ಬಣ್ಣ ಬಯಲಾಗುತ್ತದೆ. 3, 5, 7 ಇವು ನಂಬಿಕೆಯ ಸಂಖ್ಯೆಗಳು. (ಅ + ಬ)² ಅನ್ನು ಅ² + ಬ² ಎಂದು ಬರೆಯುವ ಚಟವನ್ನೂ ಇದೇ ಬಿಡಿಸುತ್ತದೆ: 3, 5 ಇಟ್ಟರೆ 64 ಒಂದು ಕಡೆ, 34 ಇನ್ನೊಂದು ಕಡೆ. ಕಡಿಮೆ ಬಿದ್ದ 30 ಎಂದರೆ 2 × 3 × 5, ಅದೇ 2ಅಬ.

ಭಿನ್ನರಾಶಿ ಕಂಡಲ್ಲಿ ಮೊದಲು ಛೇದ ಓಡಿಸಿ. ಕ/3 + ಕ/4 = 14 ಇದೆ. 3, 4ರ ಲಸಾಅ (ಲಘುತ್ತಮ ಸಾಮಾನ್ಯ ಅಪವರ್ತ್ಯ) 12. ಪ್ರತಿಯೊಂದು ಪದವನ್ನೂ 12ರಿಂದ ಗುಣಿಸಿ: 4ಕ + 3ಕ = 168, 7ಕ = 168, ಕ = 24. ತಾಳೆ: 8 + 6 = 14. ಇಲ್ಲಿ ಎಲ್ಲರೂ ಬೀಳುವ ಗುಂಡಿ ಒಂದೇ, ಎಡಗಡೆಯನ್ನು 12ರಿಂದ ಗುಣಿಸಿ ಬಲಗಡೆಯ 14ನ್ನು ಹಾಗೇ ಬಿಡುವುದು.

ಮಾತಿನ ಲೆಕ್ಕಗಳಿಗೆ ಬರೋಣ. ಇದರಲ್ಲಿ ನಾವು ಹುಡುಗರಿಗಿಂತ ಮುಂದೆ, ಏಕೆಂದರೆ ಲೆಕ್ಕದೊಳಗಿನ ವ್ಯವಹಾರ ನಮಗೆ ಕಣ್ಣಿಗೆ ಕಟ್ಟುತ್ತದೆ. ಮೊದಲ ಸಾಲು ಮಾತ್ರ ಬಿಡಿಸಿ ಬರೆಯಬೇಕು: 'ರ = ರೊಟ್ಟಿಗಳ ಸಂಖ್ಯೆ, ಊ = ಊಟಗಳ ಸಂಖ್ಯೆ'. ಬರೀ 'ರ = ರೊಟ್ಟಿ' ಎಂದು ಬರೆದರೆ ಏನಾಗುತ್ತದೆ ನೋಡಿ. ಒಂದು ಊಟಕ್ಕೆ ಮೂರು ರೊಟ್ಟಿ ಎನ್ನುವುದನ್ನು ಬಾಯಲ್ಲಿ ಓದಿದ ಹಾಗೇ ಬರೆದು 3ರ = ಊ ಎನ್ನುತ್ತೀರಿ. 10 ಊಟ ಹಿಡಿದು ತಾಳೆ ನೋಡಿ, ರೊಟ್ಟಿ 30 ಬೇಕು. ಅಂದರೆ ರ = 3ಊ. ಚುರುಕಾದ ಹುಡುಗರೂ ಇಲ್ಲಿ ಉಲ್ಟಾ ಬರೆಯುತ್ತಾರೆ.

ಅಭ್ಯಾಸಕ್ಕೆ 'ಲೀಲಾವತಿ' ಎನ್ನುವ ಹಳೆಯ ಗಣಿತ ಪುಸ್ತಕದ ದುಂಬಿ ಲೆಕ್ಕಕ್ಕಿಂತ ಚೆಂದದ್ದು ನನಗೆ ಸಿಕ್ಕಿಲ್ಲ. ಭಾಸ್ಕರಾಚಾರ್ಯ ಅದನ್ನು ಬರೆದದ್ದು 1150ರಲ್ಲಿ. ಅವನು ಹೇಳಿಕೊಳ್ಳುವ ಊರು ವಿಜ್ಜಡವಿಡ. ಅದು ಇದೇ ನಮ್ಮ ವಿಜಯಪುರ ಎಂದು ಇಲ್ಲಿಯವರು ಎದೆಯುಬ್ಬಿಸಿ ಹೇಳುತ್ತೇವೆ. ಮಹಾರಾಷ್ಟ್ರದ ಚಾಳೀಸಗಾಂವ್ ಹತ್ತಿರದ ಪಾಟಣ ಎನ್ನುವ ವಿದ್ವಾಂಸರೂ ಇದ್ದಾರೆ. ಊರಿನ ಜಗಳ ಅವರಿಗಿರಲಿ, ಲೆಕ್ಕ ಹೀಗಿದೆ: ದುಂಬಿಗಳ ಹಿಂಡಿನಲ್ಲಿ ಐದನೇ ಒಂದು ಭಾಗ ಕದಂಬಕ್ಕೆ ಹೋಯಿತು, ಮೂರನೇ ಒಂದು ಭಾಗ ಶಿಲೀಂಧ್ರದ ಹೂವಿಗೆ. ಈ ಎರಡರ ವ್ಯತ್ಯಾಸದ ಮೂರರಷ್ಟು ಕುಟಜಕ್ಕೆ. ಉಳಿದ ಒಂದೇ ಒಂದು ದುಂಬಿ ಗಾಳಿಯಲ್ಲಿ ಸುತ್ತುತ್ತಿದೆ. ಒಟ್ಟು ಎಷ್ಟು?

ದ = ಒಟ್ಟು ದುಂಬಿಗಳ ಸಂಖ್ಯೆ.

ದ/5 + ದ/3 + 3(ದ/3 − ದ/5) + 1 = ದ

15ರಿಂದ ಎಲ್ಲವನ್ನೂ ಗುಣಿಸಿ:

3ದ + 5ದ + 3(5ದ − 3ದ) + 15 = 15ದ
14ದ + 15 = 15ದ
ದ = 15

ಮೂರು ಕದಂಬಕ್ಕೆ, ಐದು ಶಿಲೀಂಧ್ರಕ್ಕೆ, ಆರು ಕುಟಜಕ್ಕೆ, ಒಂದು ಗಾಳಿಯಲ್ಲಿ. ಭಿನ್ನರಾಶಿ, ಆವರಣ, ಎರಡೂ ಬದಿಯಲ್ಲಿ ಚರಾಕ್ಷರ ಎಲ್ಲವೂ ಇದರೊಳಗೆ ಬಂತು. ನೋಡದೆ ಬಿಡಿಸಲು ಬರುವವರೆಗೂ ಇದನ್ನು ಬಿಡಬೇಡಿ.

ಬಿಕಾಂನವರಿಗೆ ಬ್ರೇಕ್ ಈವನ್, ಅಂದರೆ ಲಾಭವೂ ಇಲ್ಲದ ನಷ್ಟವೂ ಇಲ್ಲದ ಹಂತ, ಬಂದೇ ಬರುತ್ತದೆ. ಅದು ಒಂದು ಚರಾಕ್ಷರದ ಸಮೀಕರಣ, ಅಷ್ಟೇ. ಬಾಡಿಗೆ, ಪಗಾರ ಸೇರಿ ತಿಂಗಳಿಗೆ 18,000 ಖರ್ಚು, ಊಟಕ್ಕೆ ಬೀಳುವ ಸಾಮಾನು 55 ರೂಪಾಯಿ, ಮಾರುವುದು 80ಕ್ಕೆ. ನ = ತಿಂಗಳ ಊಟಗಳ ಸಂಖ್ಯೆ. 80ನ = 55ನ + 18000, ಅಂದರೆ 25ನ = 18000, ನ = 720. ತಿಂಗಳಿಗೆ 720 ಊಟ, ದಿನಕ್ಕೆ 24. ಅದರ ಮೇಲೆ ಹೋದದ್ದು ಲಾಭ. ಈ ಪಾಠದ ದಿನ ಸರ್ ಫ್ಯಾಕ್ಟರಿಯ ಉದಾಹರಣೆ ಕೊಡುತ್ತಿದ್ದರೆ ನಾನು ಹಿಂದೆ ಕೂತು ಎಣ್ಣೆ ರೇಟು ಏರಿದರೆ 55ರ ಜಾಗಕ್ಕೆ 58 ಇಟ್ಟು ನೋಡುತ್ತಿದ್ದೆ. 22ನ = 18000, ಈಗ 819 ಊಟ ಬೇಕು. ಮೂರು ರೂಪಾಯಿಗೆ ತಿಂಗಳಿಗೆ ಸುಮಾರು ನೂರು ಊಟ ಹೆಚ್ಚು!

ವರ್ಗ ಸಮೀಕರಣ, ಅಂದರೆ ಕ² ಬರುವ ಸಮೀಕರಣ, ಕೊನೆಗೆ. ಅಪವರ್ತನದಿಂದ ಬಿಡಿಸಲು ಎರಡು ನಿಮಿಷ ಪ್ರಯತ್ನಿಸಿ, ಬರದಿದ್ದರೆ ಹತ್ತನೆಯ ಪುಸ್ತಕದಲ್ಲಿರುವ ಸೂತ್ರ ಹಾಕಿ. ಸೂತ್ರದ ಬೇರಾದ, ಎರಡೂ ಬದಿಯನ್ನು ವರ್ಗಪದದ ಸಹಗುಣಕದ ನಾಲ್ಕರಷ್ಟರಿಂದ ಗುಣಿಸುವ ಉಪಾಯ ನಮ್ಮ ಹಳೆಯ ಗಣಿತಜ್ಞ ಶ್ರೀಧರಾಚಾರ್ಯನದು. ಎಚ್ಚರ ಬೇಕಾದದ್ದು ಮತ್ತೆ ಮೈನಸ್ಸಿನಲ್ಲೇ. ಕ² − 7ಕ + 12 = 0 ಇದ್ದಾಗ ನಡುವಿನ ಸಹಗುಣಕ −7, ಸೂತ್ರದಲ್ಲಿ ಅದರ ಚಿಹ್ನೆ ತಿರುಗಿ +7 ಆಗುತ್ತದೆ. ವರ್ಗಮೂಲದೊಳಗೆ 49 − 48 = 1. ಉತ್ತರ (7 + 1)/2 ಮತ್ತು (7 − 1)/2, ಅಂದರೆ 4 ಮತ್ತು 3. ಸೈಂಟಿಫಿಕ್ ಕ್ಯಾಲ್ಕುಲೇಟರಿನಲ್ಲಿ −7² ಎಂದು ಆವರಣವಿಲ್ಲದೆ ಒತ್ತಿದರೆ −49 ತೋರಿಸುತ್ತದೆ. (−7)² ಎಂದೇ ಒತ್ತಿ.

ಹೊತ್ತು ಯಾವಾಗ ಎಂದು ಕೇಳುವವರಿಗೆ: ನನಗೆ ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ಹಿಟ್ಟು ನಾದುವ ತನಕದ ಹೊತ್ತು. ರವಿವಾರ ಒಂದೇ ದಿನ ಐದು ತಾಸು ಕೂರುವುದಕ್ಕಿಂತ ದಿನಾ ಅರ್ಧ ತಾಸು ಮೇಲು. ಕೂತ ಕೂಡಲೇ ಹೊಸದಕ್ಕೆ ಹೋಗದೆ ನಿನ್ನೆಯ ಒಂದು ಲೆಕ್ಕವನ್ನು ಪುಸ್ತಕ ಮುಚ್ಚಿ ಮಾಡಿ. ಫೋಟೋ ಹೊಡೆದರೆ ಉತ್ತರ ಹೇಳುವ ಆ್ಯಪ್‌ಗಳನ್ನು ನೀವು ಬಿಡಿಸಿದ ಮೇಲೆ ಮಾತ್ರ ತೆರೆಯಿರಿ, ನಿಮ್ಮ ಸಾಲಿಗೂ ಅದರ ಸಾಲಿಗೂ ಎಲ್ಲಿ ದಾರಿ ಬೇರೆಯಾಯಿತು ಎಂದು ನೋಡಲಿಕ್ಕೆ.

ಇವತ್ತೇ ಶುರು ಮಾಡುವವರಿಗೆ ಒಂದು ಲೆಕ್ಕ. ಬಡಿದ ರೊಟ್ಟಿಯಲ್ಲಿ ಮೂರನೇ ಒಂದು ಪಾಲು ಹಾಸ್ಟೆಲ್ಲಿಗೆ ಹೋಯಿತು, ಕಾಲು ಪಾಲು ಮದುವೆ ಮನೆಗೆ. ಖಾನಾವಳಿಯಲ್ಲಿ 60 ಖರ್ಚಾದವು, ಬುಟ್ಟಿಯಲ್ಲಿ 40 ಉಳಿದವು. ಒಟ್ಟು ಬಡಿದದ್ದೆಷ್ಟು? ಮೊದಲು ಬಾಯಲ್ಲಿ ಮಾಡಿ, ಆಮೇಲೆ ಹಾಳೆಯ ಮೇಲೆ. 240 ಬರಬೇಕು. ಬಾಯಲ್ಲಿ ಬಂದು ಹಾಳೆಯ ಮೇಲೆ ಬಾರದಿದ್ದರೆ, 60ನ್ನೂ 40ನ್ನೂ 12ರಿಂದ ಗುಣಿಸಿದ್ದೀರೋ ಇಲ್ಲವೋ ನೋಡಿಕೊಳ್ಳಿ.